ತೆರೆಯ ಮೇಲಿನ ಅರಸರೂ ನಮ್ಮ ಪ್ರೇಕ್ಷಕರೂ

ಕುಂದಾಪುರ ತಾಲೂಕಿನ ಕೆರಾಡಿಯು ಘಟ್ಟದ ಬುಡದಲ್ಲಿ ಕಾಡು, ಗದ್ದೆ, ತೋಟಗಳ ನಡುವೆ ಅಡಗಿರುವ ಗ್ರಾಮ. ಆ ಊರಿನವರಾದ ಶ್ರೀ ರಿಷಬ್ ಶೆಟ್ಟಿಯವರು ನಿರ್ದೇಶಿಸಿ, ನಾಯಕನ ಪಾತ್ರವನ್ನೂ ತಾವೇ ವಹಿಸಿದ 'ಕಾಂತಾರ ಚಾಪ್ಟರ್ 1' ಎಂಬ ಚಲಚ್ಚಿತ್ರವು 2025ನೆಯ ಇಸವಿ ಅಕ್ಟೋಬರ 2ರಂದು, ವಿಜಯದಶಮಿಯ ದಿನವೇ, ಕನ್ನಡದಲ್ಲಿಯೂ ಬೇರೆ ಹಲವು ಭಾಷೆಗಳಲ್ಲಿಯೂ ತೆರೆಗೆ ಬಂದಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಆ ಚಿತ್ರವನ್ನು ನೋಡದವರೂ ಅದರ ವಿಷಯವಾಗಿ ಒಂದು ಅಭಿಪ್ರಾಯವನ್ನು ಇಟ್ಟುಕೊಂಡಿರುವರೆಂದರೆ ಅತಿಶಯೋಕ್ತಿಯಾಗಲಾರದು. ಕಚೇರಿಯ ಜಗಲಿಯಲ್ಲಿ, ಬಸ್ಸಿನ ತಂಗುದಾಣದಲ್ಲಿ, ಹೋಟೆಲಿನ ಮೇಜಿನ ಸುತ್ತ, ಮದುವೆಯ ಊಟದ ಪಂಕ್ತಿಯಲ್ಲಿ ಈ ಅಭಿಪ್ರಾಯಗಳು ನಮ್ಮ ಕಿವಿಗೆ ಬಿದ್ದಿವೆ. ಚಿತ್ರದ ಗುಣದೋಷಗಳನ್ನು ತೂಗುವುದು ನಮ್ಮ ಇಂದಿನ ಉದ್ದೇಶವಲ್ಲ. ಪ್ರೇಕ್ಷಕರ ಅಭಿಪ್ರಾಯಗಳನ್ನೇ ಸ್ವಲ್ಪ ಪರೀಕ್ಷಿಸಿ ನೋಡಬೇಕೆಂದು ನಾವು ಹೊರಟಿದ್ದೇವೆ. ಏಕೆಂದರೆ ಒಂದು ನಾಡಿನ ಜನರು ತೆರೆಯ ಮೇಲಿನ ಅರಸನನ್ನು ಹೇಗೆ ನೋಡುವರೋ, ತಮ್ಮನ್ನು ನಿಜವಾಗಿ ಆಳುವವರನ್ನೂ ಬಹುಮಟ್ಟಿಗೆ ಹಾಗೆಯೇ ನೋಡುವರು.

ಮೊದಲನೆಯ ಅಭಿಪ್ರಾಯವು ಅಭಿಮಾನದ್ದು. ನಮ್ಮೂರ ಹುಡುಗ, ನಮ್ಮೂರ ಕಾಡು, ಇಷ್ಟು ನೂರು ಕೋಟಿ ರೂಪಾಯಿ ಎಂಬುದು ಅದರ ಸಾರಾಂಶ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣದ ಮೊತ್ತವನ್ನು ಹೇಳಿದ ಬಳಿಕ ಮುಂದೆ ಹೇಳುವುದಕ್ಕೆ ಏನೂ ಉಳಿಯದೆ ಮಾತು ಅಲ್ಲಿಯೇ ನಿಂತುಹೋಗುವುದು.

ಎರಡನೆಯದು ದೈವದ ವಿಷಯವಾದುದು. ಇದು ಹಗುರವಾದ ಸಂಗತಿಯಲ್ಲ. ಚಿತ್ರವು ಬಿಡುಗಡೆಯಾದ ಒಂದು ವಾರದೊಳಗೆಯೇ ಕೆಲವು ಕಡೆಗಳಲ್ಲಿ ಪ್ರೇಕ್ಷಕರು ದೈವದ ವೇಷ ಕಟ್ಟಿಕೊಂಡು ಚಿತ್ರಮಂದಿರಕ್ಕೆ ಬಂದು ಕುಣಿದರು. ಹಾಗೆ ಮಾಡಬಾರದೆಂದು ಚಿತ್ರವನ್ನು ತಯಾರಿಸಿದ ಹೊಂಬಾಳೆ ಸಂಸ್ಥೆಯವರೇ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ದೈವಾರಾಧನೆಯನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದವರಲ್ಲಿ ಹಲವರು, ದೈವವನ್ನು ತೆರೆಯ ಮೇಲೆ ತರಲೇಕೂಡದೆಂದರು. ಬೇರೆ ಹಲವರು ಇದರಿಂದ ದೈವದ ಕೀರ್ತಿಯೇ ಹೆಚ್ಚಿತೆಂದರು. 2022ರಲ್ಲಿ ಮೊದಲನೆಯ 'ಕಾಂತಾರ'ವು ಬಂದಾಗ, 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರಕಾರವು ಸಾರಿತು. ಅದುವರೆಗೆ ಎಷ್ಟೋ ದಶಕಗಳ ಕಾಲ ಮುಖಕ್ಕೆ ಅರದಾಳ ಬಳಿದುಕೊಂಡು ರಾತ್ರಿಯೆಲ್ಲ ಕೆಂಡದ ಎದುರು ನಿಂತ ಆ ಮುದುಕರು ಸರಕಾರದ ಕಣ್ಣಿಗೆ ಬೀಳಲು ಒಂದು ಸಿನೇಮಾ ಬೇಕಾಯಿತೆಂಬುದು ನಮಗೆ ನಾಚಿಕೆಯ ವಿಷಯವಾಗಬೇಕು. ಆದರೂ ವೇಷವನ್ನು ಆಟಕ್ಕೆ ಕಟ್ಟುವುದು ಬೇರೆ, ಕಥೆಯೊಳಗೆ ತೋರಿಸುವುದು ಬೇರೆ ಎಂಬ ವಿವೇಕವು ನಮ್ಮ ಕರಾವಳಿಯವರಿಗೆ ಯಾರೂ ಕಲಿಸಬೇಕಾದುದಲ್ಲ; ಯಕ್ಷಗಾನದಲ್ಲಿ ದೇವರ ವೇಷ ಬಂದಾಗ ಕೈಮುಗಿಯುವ ಜನರು ಚೌಕಿಯಲ್ಲಿ ಅದೇ ವೇಷಧಾರಿಯ ಸಂಗಡ ಚಹಾ ಕುಡಿಯುವುದನ್ನು ನಾವೆಲ್ಲರೂ ಕಂಡವರೇ.

ಮೂರನೆಯ ಅಭಿಪ್ರಾಯವು ಓದಿದವರದು. ಇದು ಇತಿಹಾಸವೇ? ಎಂಬುದು ಅವರ ಪ್ರಶ್ನೆ. ಚಿತ್ರದ ಕಾಲವು ಕದಂಬರದೆಂದೂ, ಅದರಲ್ಲಿ ಆಳುವವರು ಬಾಂಗ್ರದ ಅರಸರೆಂದೂ ಹೇಳಿದೆ. ಆದರೆ ತುಳುನಾಡಿನ ಬಂಗ ಅರಸುಮನೆತನವು ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಬನವಾಸಿಯ ಕದಂಬರು ಅಳಿದು ಎಷ್ಟೋ ಶತಮಾನಗಳಾದ ಮೇಲೆ. ಹಾಗಾದರೆ ಇವರು ಯಾರು? ಉತ್ತರವು ಸುಲಭವಾಗಿದೆ. ಚಿತ್ರದ ಹೆಸರಿನಲ್ಲಿಯೇ ಇದು ದಂತಕಥೆಯೆಂದು ಹೇಳಿರುವಾಗ ಅದರ ಅರಸರು ಕವಿಯ ಕಲ್ಪನೆಯವರು. 1975ರ 'ಮಯೂರ'ದಲ್ಲಿ ರಾಜಕುಮಾರರು ಕದಂಬ ಕುಲದ ಮೂಲಪುರುಷನಾಗಿ ಅಭಿನಯಿಸಿದಾಗಲೂ ನಾಡಿನ ಜನರು ಕಂಡದ್ದು ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿಯ ಮಯೂರನನ್ನು. ತಾಳಗುಂದದ ಶಾಸನದಲ್ಲಿ ಇರುವ ಮಯೂರಶರ್ಮನು ಅದರ ಹಿಂದೆ ಎಲ್ಲೋ ದೂರದಲ್ಲಿ ನಿಂತಿದ್ದನು. ಕಲ್ಪನೆ ಯಾವುದು, ಆಧಾರ ಯಾವುದು ಎಂಬುದನ್ನು ಚಿತ್ರದ ಮೊದಲಿಗೇ ಎಲ್ಲರೂ ಓದಬಲ್ಲ ಅಕ್ಷರಗಳಲ್ಲಿ ನಾಲ್ಕು ಗಳಿಗೆ ನಿಲ್ಲಿಸಿ ತೋರಿಸಿದರೆ ಈ ಜಗಳದಲ್ಲಿ ಅರ್ಧವು ಮುಗಿದುಹೋಗುವುದು. ಈಗಿರುವಂತೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಗುವ ಒಕ್ಕಣೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಅಭಿಮಾನ, ಅಪಚಾರ, ಆಧಾರ ಈ ಮೂರನ್ನು ಕುರಿತು ಇಷ್ಟೊಂದು ಮಾತನಾಡಿದ ನಮ್ಮ ಪ್ರೇಕ್ಷಕರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಆ ಅರಸನು ಮಾಡಿದ್ದು ಸರಿಯೇ? ಯಾವ ಹಕ್ಕಿನಿಂದ ಅವನು ಕಾಡಿಗೆ ಕೈಹಾಕಿದನು? ಬಂದರದ ವ್ಯಾಪಾರವೆಲ್ಲ ಅರಮನೆಯದೇ ಏಕೆ ಆಗಬೇಕು? ಕಾಡಿನವರು ತಾವು ಬೆಳೆದ ಮಾಲನ್ನು ತಾವೇ ಮಾರುತ್ತೇವೆಂದು ಬಂದರಕ್ಕೆ ಇಳಿಯುವ ಭಾಗವೇ ಚಿತ್ರದ ಜೀವವೆಂದು ನಮಗೆ ತೋರಿತು. ಆದರೆ ಆ ಭಾಗದ ಮಾತನ್ನು ಆಡಿದವರನ್ನು ನಾವು ಕಂಡದ್ದು ಬಹಳ ಕಡಮೆ. ಅರಸನು ಕೆಟ್ಟವನು, ಅವನಿಗೆ ದೈವವು ಶಿಕ್ಷೆ ವಿಧಿಸಿತು ಎಂದು ತೀರ್ಮಾನವಾದ ಮೇಲೆ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಶಿಕ್ಷೆಯು ದೈವದ ಪಾಲಿಗೆ ಹೋದಾಗ ವಿಚಾರಣೆಯ ಹೊಣೆಯಿಂದ ಮನುಷ್ಯರು ತಪ್ಪಿಸಿಕೊಳ್ಳುವರು ಎಂಬುದೇ ನಮ್ಮ ಆಕ್ಷೇಪಣೆ.

ಇದೇ ಪ್ರಶ್ನೆಯನ್ನು ಬೇರೊಂದು ದೇಶದ ಪ್ರೇಕ್ಷಕರು ಹೇಗೆ ಎದುರಿಸಿದರೆಂಬುದನ್ನು ನೋಡುವುದು ಉಪಯುಕ್ತ. 2002ರಲ್ಲಿ ಚೀನದ ನಿರ್ದೇಶಕ ಜಾಂಗ್ ಯಿಮೌ ಎಂಬವರು 'ಹೀರೋ' ಎಂದು ಹೊರದೇಶಗಳಲ್ಲಿ ಪ್ರಸಿದ್ಧವಾದ ಚಿತ್ರವನ್ನು ತೆಗೆದರು. ಕ್ರಿಸ್ತಪೂರ್ವ 221ರಲ್ಲಿ ಚೀನವನ್ನೆಲ್ಲ ಒಂದುಗೂಡಿಸಿ ಮೊದಲನೆಯ ಚಕ್ರವರ್ತಿಯಾದ ಚಿನ್ ದೇಶದ ಅರಸನೇ ಅದರ ಕೇಂದ್ರ. ಆ ಅರಸನನ್ನು ಕೊಲ್ಲಲು ಕ್ರಿಸ್ತಪೂರ್ವ 227ರಲ್ಲಿ ಜಿಂಗ್ ಕೆ ಎಂಬ ಸಾಹಸಿಯು ಭೂಪಟದ ಸುರುಳಿಯೊಳಗೆ ಕಠಾರಿಯನ್ನು ಅಡಗಿಸಿಕೊಂಡು ಹೋಗಿ ವಿಫಲನಾದ ಕಥೆಯು ಸಿಮಾ ಚಿಯೆನ್ ಎಂಬ ಮಹಾ ಇತಿಹಾಸಕಾರನ ಗ್ರಂಥದಲ್ಲಿದೆ. ಹೊಸ ಚಿತ್ರದಲ್ಲಿ ಕೊಲ್ಲಲು ಬಂದವನು ಅರಸನಿಂದ ಹತ್ತು ಹೆಜ್ಜೆಯ ದೂರದವರೆಗೆ ಬಂದು, ಕೊಲ್ಲಬಲ್ಲವನಾಗಿಯೂ ಕೊಲ್ಲದೆ ಬಿಡುವನು. 'ಆಕಾಶದ ಕೆಳಗಿನ ಸಮಸ್ತವೂ' ಎಂಬರ್ಥದ ಚೀನೀ ಮಾತೊಂದು ಅವನ ಕೈಯನ್ನು ತಡೆಯುವುದು. ನಾಡು ಒಂದಾಗಿ ಯುದ್ಧಗಳು ನಿಲ್ಲುವುದಾದರೆ ಈ ಕ್ರೂರನೇ ಬದುಕಲಿ ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ ಅರಸನ ಬಾಣಗಳಿಗೆ ಅವನೇ ತುತ್ತಾಗುವನು.

ಚೀನದಲ್ಲಿ ಆ ಚಿತ್ರವು ಅಪಾರ ಹಣವನ್ನು ಗಳಿಸಿತು. ಆದರೆ ಅಲ್ಲಿಯ ಮತ್ತು ಹೊರಗಿನ ಪ್ರೇಕ್ಷಕರಲ್ಲಿ ಒಂದು ದೊಡ್ಡ ವಾದವೂ ಎದ್ದಿತು. ಪುಸ್ತಕಗಳನ್ನು ಸುಡಿಸಿದ ಅರಸನಿಗೆ ಇದು ಹೊಗಳಿಕೆಯಲ್ಲವೇ? ಏಕತೆಯ ಹೆಸರಿನಲ್ಲಿ ಯಾವ ದೌರ್ಜನ್ಯವನ್ನಾದರೂ ಸಹಿಸಬೇಕೆಂದು ಕಲಿಸುವ ಪಾಠವಲ್ಲವೇ? ಎಂದು ಒಂದು ಪಕ್ಷದವರು ಕೇಳಿದರು. ಬಣ್ಣಗಳ ಸೊಬಗನ್ನೂ ಕತ್ತಿಯ ಕಲೆಯನ್ನೂ ನೋಡಿ ಸಂತೋಷಪಡಿರಿ, ರಾಜಕೀಯವನ್ನು ಹುಡುಕಬೇಡಿರಿ ಎಂದು ಇನ್ನೊಂದು ಪಕ್ಷದವರು. ಎರಡು ವರ್ಷಗಳ ಮೇಲೆ ಅಮೇರಿಕೆಯಲ್ಲಿ ಅದು ತೆರೆಕಂಡಾಗ ಆ ಚೀನೀ ಮಾತಿಗೆ 'ನಮ್ಮ ನಾಡು' ಎಂಬರ್ಥದ ಇಂಗ್ಲಿಷು ಅನುವಾದವನ್ನು ಹಾಕಿದ್ದರಿಂದ ವಾದವು ಇನ್ನಷ್ಟು ಬೆಳೆಯಿತು. ಒಂದು ಮಾತಿನ ಅನುವಾದವೇ ರಾಜನೀತಿಯನ್ನು ಬದಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅದೇ ಅರಸನನ್ನು ಕುರಿತು 1998ರಲ್ಲಿ ಚೆನ್ ಕೈಗೆ ಎಂಬ ಇನ್ನೊಬ್ಬ ನಿರ್ದೇಶಕರು ತೆಗೆದಿದ್ದ ಚಿತ್ರದಲ್ಲಿ ಏಕತೆಯ ಕನಸು ಕಂಡ ಯುವಕನೇ ಕ್ರಮಕ್ರಮವಾಗಿ ಕಟುಕನಾಗುವನು. ಹೀಗೆ ಒಬ್ಬ ಅರಸನಿಗೆ ಎರಡು ಚಿತ್ರ, ಎರಡು ತೀರ್ಪು. ಪ್ರೇಕ್ಷಕನು ಎರಡನ್ನೂ ನೋಡಿ ಮೂರನೆಯ ತೀರ್ಪನ್ನು ತಾನೇ ಕೊಡಬಹುದು.

ಇಷ್ಟು ಹೇಳಿದ ಮೇಲೆ ಆ ದೇಶದ ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಭಿಕ್ಷೆಯೆತ್ತಿ ಬಡಮಕ್ಕಳಿಗೆ ಶಾಲೆಗಳನ್ನು ಕಟ್ಟಿಸಿದ ವೂ ಶುನ್ ಎಂಬವನ ಜೀವನವನ್ನು ಕುರಿತ ಚಿತ್ರವೊಂದು ಅಲ್ಲಿ 1950ರ ಸುಮಾರಿಗೆ ಬಂದು ಜನರ ಮೆಚ್ಚುಗೆಯನ್ನು ಪಡೆಯಿತು. 1951ರ ಮೇ 20ರಂದು ಅಲ್ಲಿಯ ಪಕ್ಷದ ದೊಡ್ಡ ಪತ್ರಿಕೆಯಲ್ಲಿ ಅದನ್ನು ಖಂಡಿಸುವ ಅಗ್ರಲೇಖನ ಪ್ರಕಟವಾಯಿತು. ಬರೆದವನು ಮಾವೋ. ಆ ದಿನದಿಂದ ಚಿತ್ರವನ್ನು ಮೆಚ್ಚಿದವರೆಲ್ಲ ತಮ್ಮ ಮೆಚ್ಚುಗೆಗಾಗಿ ಪಶ್ಚಾತ್ತಾಪವನ್ನು ಪ್ರಕಟಿಸಬೇಕಾಯಿತು. ಅಗ್ರಲೇಖನ ಬರೆಯುವ ನಮ್ಮಂತಹವರಿಗೆ ಈ ಕಥೆಯು ಒಂದು ಎಚ್ಚರಿಕೆ. ಅಪಚಾರವೆಂಬ ಒಂದೇ ಅಳತೆಗೋಲಿನಿಂದ ಚಿತ್ರಗಳನ್ನು ಅಳೆಯುವ ಅಭ್ಯಾಸವು ಬೆಳೆದರೆ, ಆ ಅಳತೆಗೋಲು ಕಡೆಗೆ ಬಲವುಳ್ಳವರ ಕೈಯನ್ನು ಸೇರದೆ ಇರಲಾರದು. 2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಕುರಿತಾದ 'ಛಾವಾ' ಎಂಬ ಹಿಂದಿ ಚಿತ್ರವು ಬಂದ ಬಳಿಕ ಔರಂಗಜೇಬನ ಗೋರಿಯ ವಿವಾದವು ಕಾವೇರಿ, ಮಾರ್ಚಿಯಲ್ಲಿ ನಾಗಪುರದ ಬೀದಿಗಳಲ್ಲಿ ಗಲಭೆಯಾದುದನ್ನು ವಾಚಕರು ಮರೆತಿರಲಾರರು. ಸತ್ತು ಮುನ್ನೂರು ವರ್ಷಗಳಾದ ಅರಸನ ಮೇಲಿನ ಸಿಟ್ಟನ್ನು ಇಂದಿನ ನೆರೆಯವನ ಅಂಗಡಿಯ ಮೇಲೆ ತೀರಿಸಿಕೊಳ್ಳುವುದು ಇತಿಹಾಸಪ್ರಜ್ಞೆಯಲ್ಲ.

ಇನ್ನು ನಮ್ಮ ಊರಿಗೆ ಬರೋಣ; ಚೀನಕ್ಕೆ ಹೋಗುವ ದಾರಿಯೇ ನಮ್ಮನ್ನು ಇಲ್ಲಿಗೆ ಕರೆತರುವುದು. 1342ರಲ್ಲಿ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನು ಚೀನದ ಚಕ್ರವರ್ತಿಗೆ ಕಾಣಿಕೆಗಳನ್ನು ಕೊಟ್ಟು ಇಬ್ನ್ ಬತೂತನೆಂಬ ಮೊರೊಕ್ಕೋ ದೇಶದ ಪ್ರವಾಸಿಯನ್ನು ರಾಯಭಾರಿಯಾಗಿ ಕಳುಹಿಸಿದನು. ಅವನ ಹಡಗುಗಳು ಹೊನ್ನಾವರದಿಂದ ತೆಂಕಲಾಗಿ ಬಂದು ಬಸರೂರನ್ನೂ ಬಾರಕೂರನ್ನೂ ಮುಟ್ಟಿದವು. ಬಸರೂರು ತೆಂಗಿನ ಮರಗಳ ಊರು. ಬಾರಕೂರಿನ ಕಬ್ಬಿಗೆ ಸರಿಯಾದ ಕಬ್ಬು ಆ ಸೀಮೆಯಲ್ಲಿ ಬೇರೆಲ್ಲಿಯೂ ಇಲ್ಲ ಎಂದು ಅವನು ಬರೆದಿಟ್ಟನು. (ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರಖಾನೆಯು ಮುಚ್ಚಿಹೋದುದನ್ನು ಕಂಡ ನಮಗೆ ಈ ಮಾತನ್ನು ಓದುವಾಗ ಒಂದು ನಿಟ್ಟುಸಿರು ಬರುವುದು ಸಹಜ.) ಅಲ್ಲಿಯ ಅರಸನನ್ನು ಅವನು ಬಾಸದೇವನೆಂದು ಕರೆದಿದ್ದಾನೆ, ವಾಸುದೇವನೆಂಬ ಹೆಸರಿನ ರೂಪಾಂತರವಾಗಿರಬೇಕು. ಆ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವು. ಅವುಗಳ ಮುಖಂಡನು ಕಡಲುಗಳ್ಳನೆಂದೂ ವರ್ತಕರನ್ನು ಸುಲಿಯುವವನೆಂದೂ ಪ್ರವಾಸಿಯ ದೂರು. ದಾಟಿಹೋಗುವ ಪ್ರತಿಯೊಂದು ಹಡಗೂ ಊರಿನೆದುರು ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು. ಇದಕ್ಕೆ 'ಬಂದರದ ಹಕ್ಕು' ಎಂದು ಹೆಸರು. ಒಪ್ಪಿಸದೆ ಹೋದವರನ್ನು ಬೆನ್ನಟ್ಟಿ, ಎಳೆತಂದು, ಇಮ್ಮಡಿ ವಸೂಲು ಮಾಡುವರು. ಅದೇ ಅರಸನು ದಿಲ್ಲಿಯ ರಾಯಭಾರಿಯ ಹಡಗಿಗೆ ತನ್ನ ಮಗನನ್ನು ಒತ್ತೆಯಾಗಿ ಕಳುಹಿಸಿ, ಅವನನ್ನು ಕರೆಯಿಸಿಕೊಂಡು ಮೂರು ರಾತ್ರಿ ಸತ್ಕರಿಸಿದನು. ಸುಲ್ತಾನನ ಮೇಲಿನ ಗೌರವದಿಂದಲೂ, ಹಡಗಿನವರ ಸಂಗಡ ವ್ಯಾಪಾರ ಮಾಡಿ ಲಾಭ ಪಡೆಯುವ ಆಸೆಯಿಂದಲೂ ಹೀಗೆ ಮಾಡಿದನೆಂದು ಅತಿಥಿಯೇ ಬರೆದಿರುವನು.

ಇಲ್ಲಿ ನೋಡಿರಿ, ಇವನು ಪೂರಾ ದುಷ್ಟನೂ ಅಲ್ಲ, ಮಹಾಪುರುಷನೂ ಅಲ್ಲ. ಸುಲಿಗೆಗೂ ಸುಂಕಕ್ಕೂ ನಡುವಿನ ಗೆರೆಯ ಮೇಲೆ ನಿಂತ ಅರಸ. ಇವನ ಕಾಲದಲ್ಲಿಯೇ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿಯಾದ ಚಿಕ್ಕಾಯಿತಾಯಿಯು ಬಾರಕೂರಿನಿಂದ ಆಳಿದಳೆಂದು ಶಾಸನಗಳ ಆಧಾರದ ಮೇಲೆ ಹೇಳುವರು. ಇವೆರಡನ್ನು ಹೊಂದಿಸುವುದು ವಿದ್ವಾಂಸರ ಕೆಲಸ. ಮುಂದೆ ವಿಜಯನಗರದ ಕಾಲದ ಶಾಸನಗಳಲ್ಲಿ ರಾಯನ ಹೆಸರು, ಬಾರಕೂರು ರಾಜ್ಯವನ್ನಾಳುವ ಅಧಿಕಾರಿಯ ಹೆಸರು, ಇವುಗಳ ಜತೆಗೆ 'ಹಲರು', 'ಸೆಟ್ಟಿಕಾರರು' ಎಂಬ ಊರಿನ ಪ್ರಮುಖರ ಸಮುದಾಯಗಳೂ ಕಾಣಿಸುವುವು. ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ, ಮೂಡುಕೇರಿ ಎಂಬ ಹೆಸರುಗಳು ಬಾರಕೂರಿನಲ್ಲಿ ಇಂದಿಗೂ ಜನರ ಬಾಯಲ್ಲಿವೆ. ಅರಸನು ಒಬ್ಬನೇ ಎಲ್ಲವನ್ನೂ ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ. ತೆರೆಯ ಮೇಲಿನ ಅರಮನೆಯಲ್ಲಿ ಇಂತಹ ಹಲರನ್ನು ನಾವು ಇದುವರೆಗೆ ಕಂಡಿಲ್ಲ. ಅಲ್ಲಿ ಅರಸ, ಸೈನಿಕ, ಪ್ರಜೆ ಇಷ್ಟೇ. ಪ್ರಜೆಯ ಕೆಲಸವು ಒಂದೋ ಜಯಕಾರ, ಇಲ್ಲವೇ ಗೋಳಾಟ.

ನಮ್ಮ ಪ್ರೇಕ್ಷಕರ ವಿವೇಕವನ್ನು ಪರೀಕ್ಷಿಸುವುದಕ್ಕೆ ಬಸರೂರಿನಲ್ಲಿಯೇ ಒಂದು ಒರೆಗಲ್ಲಿದೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಹಡಗುಪಡೆಯೊಡನೆ ಬಂದು ಬಸರೂರಿನ ಸಂಪತ್ತನ್ನು ಕೊಂಡೊಯ್ದರು. ಮರಳುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದರು. ಆ ಕಾಲಕ್ಕೆ ಬಸರೂರು ಕೆಳದಿಯ ಅರಸರ ಸೀಮೆಗೆ ಸೇರಿದ ಊರು. ಸ್ವರಾಜ್ಯವೆಂಬ ಮಾತಿಗೆ ಮೈಕೊಟ್ಟ ಮಹಾವೀರನೆಂದು ನಾವೆಲ್ಲರೂ ಶಿವಾಜಿಯನ್ನು ಗೌರವಿಸುವೆವು. ಆದರೂ ಆ ದಿನ ಬಸರೂರಿನ ವರ್ತಕನ ಮನೆಯಲ್ಲಿ ಏನು ನಡೆದಿರಬೇಕೆಂದು ಬಸರೂರಿನವರೇ ಕೇಳದಿದ್ದರೆ ಇನ್ನಾರು ಕೇಳಬೇಕು? ಗೌರವವೂ ಪ್ರಶ್ನೆಯೂ ಒಂದೇ ಮನಸ್ಸಿನಲ್ಲಿ ಕೂಡಿರಲಾರವೆಂಬ ಭಾವನೆಯು ಇತ್ತೀಚಿನ ಕೆಲವು ವರ್ಷಗಳಲ್ಲಿ ಬಲಿಯುತ್ತಿರುವುದು ನಮಗೆ ಕಳವಳವನ್ನುಂಟುಮಾಡಿದೆ.

ಹಾಗೆಂದು ನಮ್ಮ ಜನರಿಗೆ ಈ ವಿಚಾರಶಕ್ತಿಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಮೊದಲನೆಯ 'ಕಾಂತಾರ'ವನ್ನು ಈ ಸೀಮೆಯವರು ನೋಡಿದ ಬಗೆಯೇ ಬೇರೆಯಾಗಿತ್ತು. ಅದರಲ್ಲಿ 1847ರಲ್ಲಿ ಅರಸನೊಬ್ಬನು ದೈವಕ್ಕೆ ಮಾತುಕೊಟ್ಟು ಹಳ್ಳಿಯವರಿಗೆ ಭೂಮಿಯನ್ನು ಬಿಡುವನು. ಮುಂದಿನ ತಲೆಮಾರಿನವರು ಅದನ್ನು ಮರಳಿ ಕೇಳುವರು. ಅರಣ್ಯ ಇಲಾಖೆಯವರು ಬಂದು ಗಡಿ ಹಾಕುವರು. ಬೆಂಗಳೂರಿನ ಪ್ರೇಕ್ಷಕರಿಗೆ ಇದು ಕಥೆ. ಮೂಲಗೇಣಿ, ಚಾಲಗೇಣಿಗಳ ಲೆಕ್ಕದಲ್ಲಿ ಬೆಳೆದು, 1974ರ ಭೂಸುಧಾರಣೆಯ ಕಾನೂನಿನ ಮೇರೆಗೆ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ ಮನೆಗಳವರಿಗೆ, ಕುಮ್ಕಿಯ ಸೊಪ್ಪಿಗಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುವವರಿಗೆ, ಮೂಕಾಂಬಿಕಾ ಮತ್ತು ಸೋಮೇಶ್ವರ ಅಭಯಾರಣ್ಯಗಳ ಅಂಚಿನಲ್ಲಿ ವಾಸಿಸುವವರಿಗೆ ಅದು ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಪತ್ರವೇ ಆಗಿತ್ತು. ಅರಸನು ಕೊಟ್ಟ ಮಾತಿಗೆ ಬೆಲೆಯೆಷ್ಟು, ಸರಕಾರದ ಗೆರೆಗೆ ಬೆಲೆಯೆಷ್ಟು ಎಂದು ಅವರು ವಾದಿಸಿದುದನ್ನು ನಾವು ಕೇಳಿದ್ದೇವೆ. ಮೂರು ವರ್ಷಗಳ ಮೇಲೆ ಬಂದ ಎರಡನೆಯ ಚಿತ್ರದಲ್ಲಿ ಕೋಟೆ ದೊಡ್ಡದಾಯಿತು, ಸೈನ್ಯ ದೊಡ್ಡದಾಯಿತು, ಕಾಲವು ಹಿಂದಕ್ಕೆ ಸರಿಯಿತು. ವಾದವು ಮಾತ್ರ ಸಣ್ಣದಾಯಿತು. ವೈಭವವು ಹೆಚ್ಚಿದಷ್ಟೂ ಪ್ರೇಕ್ಷಕನು ಬಾಯಿ ತೆರೆದು ನೋಡುವನಲ್ಲದೆ ಬಾಯಿ ತೆರೆದು ಕೇಳುವುದಿಲ್ಲವೆಂಬುದನ್ನು ಚಿತ್ರ ತೆಗೆಯುವವರು ನಮ್ಮ ಕಡೆಯ ವಿನಂತಿಯಾಗಿ ಗಮನಿಸಬೇಕು. ಸಿನೇಮಾಕ್ಕೆ ನಮ್ಮ ಸೀಮೆ ಹೊಸದೇನಲ್ಲ. ಕೋಟದ ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲಿಯೇ, ಸುಮಾರು 1930ರಲ್ಲಿ, ಕ್ಯಾಮೆರಾ ಹಿಡಿದವರು. ಅವರ ಬಳಿ ಕೋಟೆಯೂ ಇರಲಿಲ್ಲ, ಸೈನ್ಯವೂ ಇರಲಿಲ್ಲ.

ಅಧಿಕಾರಿ ವರ್ಗದವರಿಗೆ ನಾವು ಹೇಳತಕ್ಕದ್ದು ಎರಡೇ ಮಾತು. ಯಾವುದಾದರೊಂದು ಚಿತ್ರದ ವಿರುದ್ಧ ಹತ್ತು ಜನರು ಅರ್ಜಿ ಹಿಡಿದು ಬಂದ ಕೂಡಲೇ ಶಾಂತಿಭಂಗದ ಹೆಸರಿನಲ್ಲಿ ತೆರೆಯನ್ನು ಇಳಿಸುವ ಯೋಚನೆಗೆ ಹೋಗಬಾರದು. ಚಿತ್ರಮಂದಿರದ ಬಾಗಿಲನ್ನು ಕಾಯುವುದೇ ಅವರ ಕರ್ತವ್ಯ, ಮುಚ್ಚುವುದಲ್ಲ. ಮತ್ತೊಂದು, ಇತಿಹಾಸ ಸುಳ್ಳಾಯಿತೆಂದು ಜನರು ಕೂಗುವಾಗ, ನಿಜವಾದ ಇತಿಹಾಸವನ್ನು ನೋಡಬೇಕೆನ್ನುವವರಿಗೆ ಎಲ್ಲಿಗೆ ಹೋಗಬೇಕೆಂದು ತೋರಿಸುವ ಹೊಣೆ ಸರಕಾರದ್ದು. ಡಾ. ಪಿ. ಗುರುರಾಜ ಭಟ್ಟರು ಊರೂರು ತಿರುಗಿ ದುಡಿದು 1975ರಲ್ಲಿ ತುಳುನಾಡಿನ ಇತಿಹಾಸ ಸಂಸ್ಕೃತಿಗಳ ಮೇಲೆ ಬರೆದ ಮಹಾಗ್ರಂಥವು ಇಂಗ್ಲಿಷಿನಲ್ಲಿದೆ. ನಮ್ಮ ಗ್ರಾಮ ಪಂಚಾಯತಿಯ ವಾಚನಾಲಯಗಳಿಗೆ ಬರುವ ಹುಡುಗನಿಗೆ ಅದರಿಂದ ಏನು ಪ್ರಯೋಜನ? ಬಾರಕೂರಿನ ಕತ್ತಲೆ ಬಸದಿಯ ಬಳಿಯಲ್ಲಿ ನಿಂತವನಿಗೆ ಈ ಕಲ್ಲು ಯಾರದು, ಇದರಲ್ಲಿ ಬರೆದುದೇನು ಎಂದು ಸರಳವಾದ ಕನ್ನಡದಲ್ಲಿ ತಿಳಿಸುವ ಫಲಕಗಳು ಬೇಕು. ಬಸರೂರಿನ ಶಾಸನಗಳಿಗೂ ಅದೇ ಆಗಬೇಕು. ಚಿತ್ರವೊಂದರ ಪ್ರಚಾರಕ್ಕೆ ಒಂದು ದಿನದಲ್ಲಿ ಖರ್ಚಾಗುವ ಹಣದ ಸಣ್ಣದೊಂದು ಅಂಶ ಇದಕ್ಕೆ ಸಾಲುವುದು.

ಬಾಸದೇವನ ಮೂವತ್ತು ನೌಕೆಗಳ ಕಥೆಯನ್ನು ಯಾರಾದರೂ ತೆರೆಗೆ ತಂದರೆ ನಾವು ಹಣ ಕೊಟ್ಟು ಹೋಗಿ ನೋಡುವೆವು. ಅದರಲ್ಲಿ ಹಂಗಾರಕಟ್ಟೆಯ ಅಳಿವೆ ಇರಲಿ, ಕುಂದಗನ್ನಡದ ಮಾತಿರಲಿ, ಸುಂಕ ಕೊಡಲಾರೆನೆಂದು ಅರಸನೆದುರು ನಿಂತ ಒಬ್ಬ ವರ್ತಕನೂ, ಅವನ ಪರವಾಗಿ ಎದ್ದುನಿಂತ ಕೇರಿಯ ಹಲರೂ ಇರಲಿ. ಚಿತ್ರ ಮುಗಿದು ಹೊರಗೆ ಬಂದವರು, ವರ್ತಕನದು ಸರಿಯೋ ಅರಸನದು ಸರಿಯೋ ಎಂದು ಬಸ್ಸು ಬರುವವರೆಗೂ ಜಗಳವಾಡಲಿ.